ಅಳು ಕಲಿಸುವ ವಕೀಲರು

ಬೂಸಾನ್ ನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಎಡವಿ ಬಿದ್ದರೆ ಯಾರಾದರೊಬ್ಬ ವಕೀಲರ ಕಾಲಿಗೇ ಬೀಳಬೇಕು. ಅಷ್ಟು ವಕೀಲರಿದ್ದಾರೆ. ಅವರಲ್ಲಿ ಪ್ಯೊ ತೇ-ಇಲ್ ಅಪೀಲಿನ ವಕೀಲರು. ಕೆಳಗಿನ ಕೋರ್ಟಿನಲ್ಲಿ ಸೋತು, ಶಿಕ್ಷೆಯಾಗಿ, ಕೈಗೆ ಬೇಡಿ ಬಿದ್ದ ಮೇಲೆ ಜನ ಇವರನ್ನು ಹುಡುಕಿಕೊಂಡು ಬರುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಎಂದು ಬೇರೆ ವಕೀಲರು ನಗುತ್ತಾರೆ. ಪ್ಯೊ ವಕೀಲರೂ ನಗುತ್ತಾರೆ, ಏಕೆಂದರೆ ಆ ಬಾಗಿಲಿಗೆ ಒಳ್ಳೆಯ ಬೆಲೆಯಿದೆ.

ಅವರ ಸಿದ್ಧಾಂತ ಸರಳ. "ಸತ್ಯ ಹೇಳೋಕೆ ಕೆಳಗಿನ ಕೋರ್ಟಿದೆ. ಮೇಲಿನ ಕೋರ್ಟಿಗೆ ಹೋಗೋದು ಅಳೋಕೆ" ಎಂದು ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾರೆ. ಮೇಲೆ ಕೂತ ಮೂವರು ನ್ಯಾಯಾಧೀಶರಿಗೆ ಒಂದೊಂದು ಕೇಸಿಗೆ ಸಿಗುವುದು ನೂಡಲ್ಸ್ ಬೇಯುವಷ್ಟು ಹೊತ್ತು. ಅಷ್ಟರಲ್ಲಿ ಸತ್ಯವನ್ನು ಹುಡುಕುವುದು ಯಾರಿಂದಾದೀತು? ಆದರೆ ಪಶ್ಚಾತ್ತಾಪ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಪ್ಯೊ ವಕೀಲರ ಕಕ್ಷಿದಾರರು ತಲೆ ಬೋಳಿಸಿಕೊಳ್ಳುತ್ತಾರೆ, ರಕ್ತದಾನ ಮಾಡುತ್ತಾರೆ, ಸತ್ತ ಮೇಲೆ ಕಣ್ಣು ಕೊಡುತ್ತೇವೆಂದು ಬರೆದುಕೊಡುತ್ತಾರೆ. ಕುಡಿದು ಕಾರು ಗುದ್ದಿದವನು ಕಾರು ಮಾರಿ, ಮಾರಿದ ಫೋಟೋ ಲಗತ್ತಿಸುತ್ತಾನೆ. ಒಬ್ಬ ರೌಡಿಯ ಪರವಾಗಿ ಅವನ ಮಗಳು ಬಣ್ಣದ ಕಡ್ಡಿಯಲ್ಲಿ "ಅಪ್ಪಾ, ಬೇಗ ಬಾ" ಎಂದು ಚಿತ್ರ ಬರೆದು ಕಳಿಸಿದ್ದಳು. ನ್ಯಾಯಾಧೀಶರು ಕರಗಿದರು. ಮಗಳಿಗೆ ಇಪ್ಪತ್ತೆರಡು ವರ್ಷ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಆಫೀಸು ನೋಡಿಕೊಳ್ಳುವ ಮಿ-ರಾನ್ ಎಂಬಾಕೆ ಈ ಪಶ್ಚಾತ್ತಾಪಗಳನ್ನೆಲ್ಲ ಟೈಪು ಮಾಡುತ್ತಾಳೆ. ಒಮ್ಮೆ ಜೇಬುಗಳ್ಳನ ಹಳೇ ಅರ್ಜಿಯನ್ನೇ ಅವಸರದಲ್ಲಿ ತಿದ್ದಿದಾಗ, ಹೆಂಡತಿಗೆ ಹೊಡೆದವನ ಅರ್ಜಿಯಲ್ಲಿ, "ಇನ್ನು ಮುಂದೆ ಬೇರೆಯವರ ಪರ್ಸಿಗೆ ಕೈ ಹಾಕುವುದಿಲ್ಲ" ಎಂದು ಉಳಿದುಹೋಗಿತ್ತು. ಆದರೂ ಅವನಿಗೆ ಶಿಕ್ಷೆ ಕಡಿಮೆಯಾಯಿತು. ಅಂದಿನಿಂದ ಪ್ಯೊ ವಕೀಲರಿಗೆ ನ್ಯಾಯದ ಮೇಲೆ ಉಳಿದಿದ್ದ ಚೂರುಪಾರು ಭಯವೂ ಹೋಯಿತು.

ಹಾಗೆಂದು ಅವರು ಹುಟ್ಟಾ ಹೀಗಿರಲಿಲ್ಲ. ಕರಿಕೋಟು ಹೊಸದಿದ್ದಾಗ ಒಬ್ಬ ನಿರಪರಾಧಿಯ ಪರ ಗಂಟಲು ಹರಿಯುವಂತೆ ಕೂಗಿದ್ದರು. 'ಇಷ್ಟಾದರೂ ಪಶ್ಚಾತ್ತಾಪವಿಲ್ಲ' ಎಂದು ಕೋರ್ಟು ಅಪೀಲು ತಳ್ಳಿಹಾಕಿತು. ಆ ಮನುಷ್ಯ ಪೂರ್ತಿ ಶಿಕ್ಷೆ ಅನುಭವಿಸಿ ಬಂದು ಊರೇ ಬಿಟ್ಟ. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಇರಬಹುದು, ಜೈಲಿಗೆ ಹೋಗುವುದು ಸತ್ಯವಲ್ಲವಲ್ಲ, ಅದನ್ನು ಹೇಳಿದವನು.

ಇಂಥವರ ಕೈಗೆ ಮೋ ಚುನ್-ಜಾಳ ಕೇಸು ಬಂತು.

ಚುನ್-ಜಾ ಸಂತೆಪೇಟೆಯಲ್ಲಿ ಹಂದಿಮಾಂಸದ ಸಾರು-ಅನ್ನ ಮಾರುವ ವಿಧವೆ. ವಯಸ್ಸು ಐವತ್ತೆಂಟು, ಬಾಯಿ ಜೋರು. ವರ್ತಕರ ಸಂಘದ ಅಧ್ಯಕ್ಷ ತಾಕ್ ಮನ್-ಹೊ ಎಂಬಾತ ಅವಳ ಮೇಜು ದಾರಿಗೆ ಬಂದಿದೆ ಎಂದು ಜಗಳ ತೆಗೆದಿದ್ದ. ಜಗಳ ಪೇಟೆಯ ಮೆಟ್ಟಿಲ ತನಕ ಹೋಯಿತು. ಅಲ್ಲಿಂದ ಅಧ್ಯಕ್ಷ ಉರುಳಿಬಿದ್ದು ಸೊಂಟ ಮುರಿದುಕೊಂಡ. ಅವಳೇ ತಳ್ಳಿದಳೆಂದ. ತಳ್ಳಲಿಲ್ಲವೆಂದು ಅವಳು ಕೆಳಗಿನ ಕೋರ್ಟಿನಲ್ಲಿ ಅರಚಿದ್ದೇ ಅರಚಿದ್ದು. ಹತ್ತು ತಿಂಗಳ ಜೈಲು ಎಂದು ತೀರ್ಪಾಗಿ, ಅಲ್ಲಿಂದಲೇ ಪೊಲೀಸರು ಕರೆದೊಯ್ದರು.

ಫೈಲಿನ ಜೊತೆ ಬಂದ ಕ್ಯಾಮೆರಾ ದೃಶ್ಯವನ್ನು ಪ್ಯೊ ವಕೀಲರು ಆಫೀಸಿನಲ್ಲಿ ಕೂತು ನೋಡಿದರು. ಇಬ್ಬರ ಬೆನ್ನು, ಚಾಚಿದ ಅವಳ ಕೈ, ಬೀಳುವ ಅಧ್ಯಕ್ಷ. ಕೈ ಚಾಚಿದೆ, ಆದ್ದರಿಂದ ತಳ್ಳಿದ್ದಾಳೆ ಎಂದು ಕೆಳಗಿನ ಕೋರ್ಟು ಬರೆದಿತ್ತು. ಪ್ಯೊ ವಕೀಲರು ಅದನ್ನು ನಿಧಾನಗೊಳಿಸಿ ಇನ್ನೊಮ್ಮೆ ನೋಡಿದರು. ಅಧ್ಯಕ್ಷನ ಅಂಗಿಯ ತೋಳು ಅವಳ ಕಡೆಗೆ ಎಳೆದುಕೊಂಡಿತ್ತು. ಕಾಲು ಜಾರಿ ಬೀಳುತ್ತಿದ್ದವನ ತೋಳನ್ನು ಅವಳು ಹಿಡಿದಿದ್ದಳು. ತಳ್ಳಿದರೆ ಬಟ್ಟೆ ಹಾಗೆ ಹಿಂದಕ್ಕೆ ಬರುವುದಿಲ್ಲ.

"ಏನಾದ್ರೂ ಸಿಕ್ತಾ ಸಾರ್?" ಎಂದು ಮಿ-ರಾನ್ ಕೇಳಿದಳು.

"ಏನಿಲ್ಲ. ಕೈ ಚಾಚಿರೋದಂತೂ ನಿಜ" ಎಂದು ಅವರು ಪರದೆ ಆರಿಸಿದರು.

ಅವರ ಲೆಕ್ಕಾಚಾರ ಹೀಗಿತ್ತು: ತೋಳು ತೋರಿಸಿ ವಾದಿಸಿದರೆ, ಅಂಗಿಯ ಮಡಿಕೆಯಲ್ಲಿ ನ್ಯಾಯ ಹುಡುಕಲು ಈ ಮೂವರಿಗೆ ಪುರುಸೊತ್ತು ಆಗಬೇಕು. ಆಗದಿದ್ದರೆ ಹೆಂಗಸು ಹತ್ತು ತಿಂಗಳೂ ಒಳಗೆ. ತಪ್ಪೊಪ್ಪಿಕೊಂಡು, ಅಧ್ಯಕ್ಷನ ಹತ್ತಿರ ರಾಜಿ ಪತ್ರ ತಂದರೆ ಖಂಡಿತ ಮನೆಗೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಬಂದೀಖಾನೆಯ ಭೇಟಿ ಕೋಣೆಯಲ್ಲಿ ಚುನ್-ಜಾ ಕೂರುವ ಮೊದಲೇ ಶುರು ಮಾಡಿದಳು.

"ವಕೀಲ್ರೇ, ನಾನು ತಳ್ಳಿಲ್ಲ. ಆ ಮುದಿ ಕತ್ತೆ ಚಪ್ಪಲಿ ಜಾರಿ ಬಿತ್ತು. ಬೀಳೋದನ್ನ ನೋಡ್ಕೊಂಡು ಸುಮ್ನಿರಕ್ಕಾಗ್ದೆ ನಾನೇ ಹಿಡ್ಕೊಂಡೆ. ಹಿಡಿದಿದ್ದೇ ತಪ್ಪಾಯ್ತು ನೋಡಿ! ಬಿಟ್ಟಿದ್ರೆ ನಾನು ಇಲ್ಲಿರ್ತಿರ್ಲಿಲ್ಲ."

"ಅಮ್ಮಾ, ನಿಮಗೆ ಮನೆಗೆ ಹೋಗಬೇಕೋ, ಸರಿ ಅನ್ನಿಸ್ಕೊಬೇಕೋ?"

"ಎರಡೂ ಬೇಕು."

"ಎರಡು ಕೊಡೋ ಅಂಗಡಿ ಅಲ್ಲ ಅದು."

ಅವಳ ಸಂಕಟ ಪ್ಯೊ ವಕೀಲರಿಗೆ ಗೊತ್ತಿತ್ತು. ಮೂರು ತಿಂಗಳು ಬಾಗಿಲು ಹಾಕಿದ ಅಂಗಡಿ ಸಂಘಕ್ಕೆ ವಾಪಸ್ಸು ಎಂಬುದು ಪೇಟೆಯ ನಿಯಮ. ಸಂಘದ ಅಧ್ಯಕ್ಷ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಗಂಡ ಸತ್ತ ಮೇಲೆ ಆ ಸಾರಿನ ಹಂಡೆಯೇ ಅವಳಿಗೆ ಗಂಡ, ಮಕ್ಕಳು, ನೆಂಟರು ಎಲ್ಲ. ಎರಡು ತಿಂಗಳು ಆಗಲೇ ಕಳೆದಿತ್ತು.

"ಏನ್ ಹೇಳ್ಬೇಕು?" ಎಂದಳು ಕೊನೆಗೆ.

"ಕೋಪದಲ್ಲಿ ತಳ್ಳಿದೆ, ತಪ್ಪಾಯ್ತು, ಅಷ್ಟೇ. ಸ್ವಲ್ಪ ಅತ್ರೆ ಒಳ್ಳೇದು."

"ಮಾಡ್ದೇ ಇರೋದಕ್ಕೆ ಅಳು ಎಲ್ಲಿಂದ ತರ್ಲಿ?"

"ಬೇರೆ ಯಾವುದಾದ್ರೂ ತಪ್ಪು ಮಾಡಿರ್ತೀರಲ್ಲ, ಅದನ್ನ ನೆನೆಸ್ಕೊಂಡು ಅಳಿ. ಕಣ್ಣೀರಿನ ಮೇಲೆ ವಿಳಾಸ ಬರೆದಿರಲ್ಲ."

ಚುನ್-ಜಾ ಅವರ ಕಡೆ ಬಾಗಿದಳು. "ನಿಮ್ಮಮ್ಮ ಇದ್ದಾರಾ?" ಎಂದಳು.

"ಇದ್ದಾರೆ. ಯಾಕೆ?"

"ಏನಿಲ್ಲ. ಪಾಪ ಅನ್ನಿಸ್ತು."

ಅಧ್ಯಕ್ಷ ತಾಕ್ ರಾಜಿಗೆ ಒಪ್ಪಿದ. ಅವಳು ಒಪ್ಪಿಕೊಂಡರೆ ಸಾಕು, ತನ್ನದು ದೊಡ್ಡ ಮನಸ್ಸು ಎಂದ. ಆ ದೊಡ್ಡ ಮನಸ್ಸಿನ ಪತ್ರದ ಮೇಲೆ ಮುದ್ರೆ ಒತ್ತುವಾಗ ಅವನ ಮುಖದಲ್ಲಿ ಕಂಡ ನೆಮ್ಮದಿಯನ್ನು ಪ್ಯೊ ವಕೀಲರು ಗಮನಿಸಿದರು. ತನ್ನ ಕಾಲೇ ಜಾರಿದ್ದು ಎಂದು ಬಲ್ಲವನಿಗೆ ಮಾತ್ರ ಬರುವ ನೆಮ್ಮದಿ ಅದು. ಗಮನಿಸಿ, ಪತ್ರವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು.

ವಿಚಾರಣೆಯ ದಿನ ಪ್ಯೊ ವಕೀಲರು ಎದ್ದು ನಿಂತು, "ಮಾನ್ಯರೇ, ಘಟನೆಯ ಬಗ್ಗೆ ನಾವು ಎತ್ತಿದ್ದ ತಕರಾರನ್ನ ಹಿಂದಕ್ಕೆ ತಗೊಳ್ತೀವಿ. ಶಿಕ್ಷೆ ಹೆಚ್ಚಾಯ್ತು ಅನ್ನೋದೊಂದೇ ನಮ್ಮ ಅಹವಾಲು" ಎಂದರು. ನಡುವಿನ ನ್ಯಾಯಾಧೀಶರ ಮುಖ ಅರಳಿತು. ಅರ್ಧ ಫೈಲು ಓದುವ ಕೆಲಸ ತಪ್ಪಿತಲ್ಲ!

"ಆರೋಪಿ, ನೀವೇ ತಳ್ಳಿದ್ದು ಅಂತ ಒಪ್ಕೋತೀರಾ?"

ಚುನ್-ಜಾ ಕಟಕಟೆಯಲ್ಲಿ ನಿಂತು ವಕೀಲರ ಕಡೆ ನೋಡಿದಳು. ಅವರು ತಲೆಯಾಡಿಸಿದರು.

"ಹೂಂ."

"ಕೊನೆಯದಾಗಿ ಏನಾದರೂ ಹೇಳೋದಿದೆಯಾ?"

ಅವಳ ಹೆಗಲು ಅಲುಗತೊಡಗಿತು. "ತಪ್ಪಾಯ್ತು... ಅಷ್ಟು ವಯಸ್ಸಾದವರಿಗೆ ಹಾಗೆ ಮಾಡಬಾರ್ದಿತ್ತು... ಎಷ್ಟು ನೊಂದ್ಕೊಂಡ್ರೋ..." ಎಂದು ಬಿಕ್ಕಿ ಬಿಕ್ಕಿ ಅತ್ತಳು. ಬೇಡಿ ಹಾಕಲು ಕಾದಿದ್ದ ಕಾವಲಿನ ಹೆಂಗಸು ಕೂಡ ಮೂಗು ಒರೆಸಿಕೊಂಡಳು. ಇಪ್ಪತ್ತು ವರ್ಷದಿಂದ ಅಳು ಕಲಿಸಿದ ಪ್ಯೊ ವಕೀಲರು ಇಂಥ ಅಳುವನ್ನು ನೋಡಿರಲಿಲ್ಲ, ಅವರಿಗೇ ನಾಚಿಕೆಯಾಯಿತು.

ತೀರ್ಪು ಬಂತು. ಅವಳು ತಪ್ಪಿತಸ್ಥೆ ಎಂಬುದು ಹಾಗೇ ಉಳಿಯಿತು. ಮನಃಪೂರ್ವಕ ಪಶ್ಚಾತ್ತಾಪಪಟ್ಟಿದ್ದರಿಂದ ಹತ್ತು ತಿಂಗಳ ಶಿಕ್ಷೆಯನ್ನು ಎರಡು ವರ್ಷ ಅಮಾನತಿನಲ್ಲಿಟ್ಟರು. ಆ ಎರಡು ವರ್ಷ ತೆಪ್ಪಗಿದ್ದರೆ ಪಾರು, ಕೊಂಚ ಎಡವಟ್ಟಾದರೂ ಹತ್ತು ತಿಂಗಳೂ ಒಳಗೆ.

ಬಂದೀಖಾನೆಯ ಗೇಟಿನ ಬಳಿ ಪ್ಯೊ ವಕೀಲರು ತಟ್ಟೆ ಹಿಡಿದು ಕಾದಿದ್ದರು. ತಟ್ಟೆಯಲ್ಲಿ ತೋಫು ಎಂಬ ಬಿಳೀ ಸೋಯಾ ಗಿಣ್ಣು. ಜೈಲಿಂದ ಹೊರಬಂದವರು ಅದನ್ನು ತಿಂದು, ಇನ್ನು ಮೇಲೆ ಬೆಳ್ಳಗಿರುತ್ತೇನೆ ಎಂದು ಮನೆಗೆ ಹೋಗುವುದು ಪದ್ಧತಿ. ಕರೆದೊಯ್ಯುವವರಿಲ್ಲದ ಕಕ್ಷಿದಾರರಿಗೆ ಆಫೀಸಿನ ಕಡೆಯಿಂದ ಇದು ಉಚಿತ.

"ಇದನ್ನ ತಪ್ಪು ಮಾಡಿದವರು ತಿನ್ಬೇಕು. ನೀವು ತಿನ್ನಿ" ಎಂದಳು ಚುನ್-ಜಾ.

"ಆವತ್ತು ಚೆನ್ನಾಗಿ ಅತ್ರಿ" ಎಂದು ಅವರು ಮಾತು ತೇಲಿಸಿದರು.

"ನಮ್ಮತ್ತೆನ ನೆನೆಸ್ಕೊಂಡು ಅತ್ತಿದ್ದು. ಕಾಯಿಲೆ ಬಿದ್ದಾಗ ಕೋಪ ಮಾಡ್ಕೊಂಡು ತಣ್ಣನೆ ಅನ್ನ ಹಾಕ್ತಿದ್ದೆ. ಒಂದು ಮಾತೂ ಆಡ್ದೆ ತಿಂದ್ಕೊಂಡು ಸತ್ತೋದ್ರು. ಮೂವತ್ತು ವರ್ಷ ಆಯ್ತು. ಅವರಿಗಿಟ್ಟಿದ್ದ ಕಣ್ಣೀರನ್ನ ಈ ತಾಕ್‌ಗೆ ಖರ್ಚು ಮಾಡಿಸಿದ್ರಿ." ಅವಳು ಚೀಲವನ್ನು ಹೆಗಲಿಗೇರಿಸಿದಳು. "ಇರ್ಲಿ. ಇನ್ನು ರಾಜಧಾನಿಯ ದೊಡ್ಡ ಕೋರ್ಟಿಗೆ ಹೋಗೋಣ. ಅಲ್ಲಿ ನಿಜ ಹೇಳ್ತೀನಿ."

"ಅದು ಆಗಲ್ಲಮ್ಮ. ಇಲ್ಲಿ ಹಿಂದಕ್ಕೆ ತಗೊಂಡ ತಕರಾರನ್ನ ಅಲ್ಲಿ ಎತ್ತೋ ಹಾಗಿಲ್ಲ."

"ಯಾವತ್ತೂ?"

"ಯಾವತ್ತೂ."

"ಮೊದ್ಲೇ ಹೇಳ್ಲಿಲ್ಲ."

"ಹೇಳಿದ್ರೆ ನೀವು ಒಪ್ತಿರ್ಲಿಲ್ಲ."

ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿಗೆ ಹೋದವರ ಬಗ್ಗೆ ಸುಮ್ಮನೆ ಹೇಳಿಲ್ಲ. ಚುನ್-ಜಾ ಅತ್ತಿತ್ತ ನೋಡಿ, ಅವರ ಹತ್ತಿರ ಬಂದು ಕೇಳಿದಳು: "ಹೋಗ್ಲಿ, ನೀವು ಹೇಳಿ. ಆ ಕ್ಯಾಮೆರಾದ್ದು ನೋಡಿದ್ರಲ್ಲ. ನಾನು ತಳ್ಳಿದ್ನಾ?"

"ಇಲ್ಲ. ಹಿಡ್ಕೊಂಡಿದ್ರಿ. ಅವನ ತೋಳು ನಿಮ್ಮ ಕಡೆ ಎಳ್ಕೊಂಡಿದೆ."

"ಯಾವಾಗ ನೋಡಿದ್ರಿ?"

"ಮೊದಲ್ನೇ ದಿನ."

ಅವಳು ಬೈಯುತ್ತಾಳೆಂದು ಅವರು ಕಾದರು. ಬೈಯಲಿಲ್ಲ. ಬಸ್ಸು ಬಂತು, ಹತ್ತಿ ಹೋದಳು. ತೋಫು ಬಿಸಿಲಿಗೆ ನೀರು ಬಿಟ್ಟಿತು.

ಆಮೇಲೆ ಕೆಲವು ವಾರ ಪ್ಯೊ ವಕೀಲರಿಗೆ ಎಂದಿನ ಹಾಗೆ ನಿದ್ದೆ ಬರಲಿಲ್ಲ. ಹೆಂಗಸು ಹೊರಗಿದ್ದಾಳೆ, ಅಂಗಡಿ ಉಳಿದಿದೆ, ಇನ್ನೇನು ಬೇಕು ಎಂದು ತಮ್ಮ ಪರ ತಾವೇ ವಾದ ಮಂಡಿಸಿದರು. ತಮ್ಮ ಅಪೀಲು ಮಾತ್ರ ಪುರಸ್ಕೃತವಾಗಲಿಲ್ಲ. ಮಿ-ರಾನ್, "ಮುಖ ಯಾಕೆ ಸಾರ್ ನಮ್ಮ ಕಕ್ಷಿದಾರರ ಹಾಗಾಗಿದೆ? ಒಂದು ಪಶ್ಚಾತ್ತಾಪ ಟೈಪು ಮಾಡಿ ಕೊಡ್ಲಾ?" ಎಂದು ಕಿಚಾಯಿಸಿದಳು. ಅವರು ಕೋಟು ಹಾಕಿಕೊಂಡು ಸಂತೆಪೇಟೆಗೆ ಹೊರಟರು.

ಮಧ್ಯಾಹ್ನ ಅಂಗಡಿ ತುಂಬಿತ್ತು. ಒಳಗಿನ ಒಳ್ಳೆಯ ಮೇಜಿನಲ್ಲಿ ಊರುಗೋಲು ಒರಗಿಸಿಕೊಂಡು ಅಧ್ಯಕ್ಷ ತಾಕ್ ಕೂತಿದ್ದ. ದಿನಾ ಅಲ್ಲೇ ಊಟವಂತೆ, ಕ್ಷಮಿಸಿದವನಿಗೆ ಪುಕ್ಕಟೆಯಂತೆ. ಪಕ್ಕದ ಮೀನಿನಂಗಡಿಯವನು ಚುನ್-ಜಾಳಿಗೆ, "ಅಕ್ಕಾ, ಸ್ವಲ್ಪ ಹಸಿ ಈರುಳ್ಳಿ ಕೊಡು. ಕೊಡದಿದ್ರೂ ಪರ್ವಾಗಿಲ್ಲ, ತಳ್ಳಬೇಡ" ಎಂದ. ಎಲ್ಲರೂ ನಕ್ಕರು. ಅವಳು ಈರುಳ್ಳಿ ಇಟ್ಟು ಬಂದಳು.

ಮೂಲೆಯ ಮೇಜಿನಲ್ಲಿ ಊಟಕ್ಕೆ ಕೂತಿದ್ದ ಪ್ಯೊ ವಕೀಲರು ಬಟ್ಟಲು ಸರಿಸಿ ಎದ್ದು ನಿಂತರು.

"ಎಲ್ಲರೂ ಕೇಳಿ. ನಾನು ಇವರ ವಕೀಲ. ಇವರು ಅಧ್ಯಕ್ಷರನ್ನ ತಳ್ಳಲಿಲ್ಲ. ಬೀಳೋರನ್ನ ಹಿಡ್ಕೊಂಡ್ರು. ನಾನು ಕಣ್ಣಾರೆ ನೋಡಿದ್ದೀನಿ."

ಮೀನಿನವನು ಚಪ್ಪಾಳೆ ತಟ್ಟಿದ.

"ಭೇಷ್ ವಕೀಲ್ರೇ! ಫೀಜು ತಗೊಂಡ ಮೇಲೆ ಹಾಗೆ ಹೇಳ್ಲೇಬೇಕು."

"ಫೀಜಿಗಲ್ಲ ಕಣಯ್ಯಾ, ನಿಜವಾಗ್ಲೂ..."

"ಕೋರ್ಟಲ್ಲೂ ಹೀಗೇ ಹೇಳಿದ್ರಾ?"

ಅಧ್ಯಕ್ಷ ತಾಕ್ ತುಟಿ ಒರೆಸಿಕೊಂಡು, ಮಗುವಿಗೆ ಹೇಳುವಷ್ಟು ಮೃದುವಾಗಿ, "ಮುಗಿದ ವಿಷಯ ಯಾಕೆ ವಕೀಲ್ರೇ? ಆಕೆನೇ ಜಡ್ಜುಗಳ ಮುಂದೆ ಒಪ್ಕೊಂಡು ಅತ್ತಿದ್ದಾಳೆ. ಈಗ ನೀವು ಅಲ್ಲ ಅಂದ್ರೆ, ಆಕೆ ಅಲ್ಲಿ ಸುಳ್ಳು ಹೇಳಿದ್ಲು ಅಂತಾಯ್ತು. ಅದೂ ಒಂದು ಕೇಸೇ ಅಲ್ವಾ? ಅಮಾನತ್ತು ಬೇರೆ ಇದೆ" ಎಂದ.

ಅಂಗಡಿಯಲ್ಲಿದ್ದವರೆಲ್ಲ ಚುನ್-ಜಾಳ ಕಡೆ ತಿರುಗಿದರು. ಪ್ಯೊ ವಕೀಲರೂ ನೋಡಿದರು. ಒಂದು ಮಾತು ಆಡಮ್ಮ, ಒಂದೇ ಒಂದು ಮಾತು ಎಂದು ಅವರ ಮನಸ್ಸು ಅಂಗಲಾಚುತ್ತಿತ್ತು.

ಚುನ್-ಜಾ ಹಂಡೆಯಿಂದ ಸಾರು ಮೊಗೆದು ಅವರ ಬಟ್ಟಲಿಗೆ ಹಾಕಿದಳು.

"ಕೂತ್ಕೊಳ್ಳಿ ವಕೀಲ್ರೇ. ಇನ್ನೂ ಎರಡು ವರ್ಷ ನಾನು ತಳ್ಳಿದ್ದೀನಿ. ಆಮೇಲೆ ಬಂದು ಕೇಳಿ."

ಎಂದವಳು, ಅಧ್ಯಕ್ಷನ ಬಟ್ಟಲು ಖಾಲಿಯಾಗಿದ್ದನ್ನು ಕಂಡು ಅದಕ್ಕೂ ಒಂದು ಸೌಟು ಹಾಕಿದಳು.