ರಘುರಾಮನ ನೆತ್ತಿ

ಸಾವಿರದ ಒಂಬೈನೂರ ಐವತ್ತೆಂಟರ ಮದರಾಸಿನಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಕುಡಿದವನನ್ನು ಪೊಲೀಸರು ಹಿಡಿದೊಯ್ಯುತ್ತಿದ್ದರು. ಆದುದರಿಂದ ನನ್ನ ತಮ್ಮ ಹರಿದಾಸನು ಮಗಳು ಕೌಸಲ್ಯೆಯ ಮದುವೆಯ ಮಾತನ್ನು ನಡುವೆ ನಿಲ್ಲಿಸಲು ಕೊಟ್ಟ ಕಾರಣ ಹಗುರವಾದುದಲ್ಲ.

ವರ ರಘುರಾಮ ನುಂಗಂಬಾಕ್ಕಂನ ಕಚೇರಿಯೊಂದರಲ್ಲಿ ಗುಮಾಸ್ತ. ವಯಸ್ಸು ಇಪ್ಪತ್ತೆಂಟು. ನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಕೌಸಲ್ಯೆ ಅವನನ್ನು ನೋಡಿ ಒಪ್ಪಿದ್ದಳು.

“ಕುಡೀತಾನೆ ಅಣ್ಣಾ,” ಎಂದನು ಹರಿದಾಸ. “ಪಲ್ಲಾವರಂ ಬಸ್ಸಲ್ಲಿ ನಮ್ಮ ಎದುರುಮನೆ ಚಂದು ಅವನ ಪಕ್ಕದಲ್ಲೇ ಕೂತಿದ್ದ. ಸ್ಪಿರಿಟ್ ವಾಸನೆ ಘಮ್ ಅಂತ ಹೊಡೀತಂತೆ. ಇಲ್ದಿದ್ರೆ ಇಷ್ಟು ಚಿಕ್ಕ ವಯಸ್ಸಿಗೆ ತಲೆ ಹಾಗಾಗುತ್ತಾ?”

ಒಳಗಿನಿಂದ ಕೌಸಲ್ಯೆಯ ದನಿ ಬಂತು: “ದೊಡ್ಡಪ್ಪಾ, ಅಪ್ಪನ ತಲೆ ಯಾವಾಗಿನಿಂದ ಹಾಗಿದೆ, ಸ್ವಲ್ಪ ಕೇಳಿ.”

ನಾನು ಲೆಕ್ಕ ಹಾಕಿದೆ. ನಮ್ಮ ಮನೆತನದಲ್ಲಿ ಮೂವತ್ತು ದಾಟಿದ ಗಂಡಸರು ಹನ್ನೊಂದು, ಬೋಳುತಲೆಗಳು ಏಳು, ಕುಡುಕರು ಸೊನ್ನೆ.

“ನಮ್ಮದು ವಂಶದ ಬೋಳು. ಅದು ಬೇರೆ,” ಎಂದನು ಹರಿದಾಸ.

ರಾಯಪುರಂನಲ್ಲಿ ವೈದ್ಯನಾಗಿದ್ದ ನನ್ನ ಹಳೆಯ ಶಿಷ್ಯನನ್ನು ಕೇಳಿದೆ. “ಕುಡಿತದಿಂದಲೇ ನೇರವಾಗಿ ಬೋಳಾಗುತ್ತೆ ಅನ್ನೋಕ್ಕಾಗಲ್ಲ ಸಾರ್. ವಿಪರೀತ ಕುಡಿಯೋನು ಸರಿಯಾಗಿ ಊಟ ಮಾಡಲ್ಲ. ಮೈಯಲ್ಲಿ ಸತ್ವ ಕಡಿಮೆಯಾಗಿ ಕೂದಲು ಉದುರಬಹುದು. ನೆತ್ತಿ ಮಾತ್ರ ಖಾಲಿಯಾದ್ರೆ ಸಾಮಾನ್ಯವಾಗಿ ಅಪ್ಪನನ್ನೋ ತಾತನನ್ನೋ ಬೈಬೇಕು,” ಎಂದನು.

ಕೂದಲಿಗೆ ಉತ್ತರ ದೊರೆಯಿತು. ವಾಸನೆಗೆ ದೊರೆಯಲಿಲ್ಲ. ಹರಿದಾಸ ಸಂಬಂಧ ಬೇಡವೆಂದು ಕಾಗದ ಬರೆದು, ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿದ್ದ. ಕೌಸಲ್ಯೆ ಎರಡು ದಿನ ಅವನೊಡನೆ ಮಾತು ಬಿಟ್ಟಳು. ಭಾನುವಾರದವರೆಗೆ ಕಾಗದ ಹಾಕಬೇಡವೆಂದು ತಡೆದು, ನಾನು ರಘುರಾಮನನ್ನು ಕಾಫಿಗೆ ಕರೆಸಿದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕಿರಿಯರು ನಮಸ್ಕರಿಸಿದಾಗ ಹಿರಿಯರು ಅವರ ನೆತ್ತಿಯನ್ನು ಮೂಸಿ ಹರಸುತ್ತಾರೆ. ನಮ್ಮ ತಾಯಿ ಜಾನಕಮ್ಮನಿಗೆ ಆಗ ಎಂಬತ್ತು. ಕಣ್ಣು ಮಂಜು, ಮೂಗು ಚುರುಕು. ರಘುರಾಮ ನಮಸ್ಕರಿಸಿದ. ಅಮ್ಮ ಬಾಗಿ ಮೂಸಿ, ತಟ್ಟನೆ ಹಿಂದೆ ಸರಿದಳು.

“ಇದೇನೋ ಇದು! ಸೂಜಿ ಚುಚ್ಚೋ ಮುಂಚೆ ಡಾಕ್ಟ್ರು ತೋಳಿಗೆ ಒರೆಸ್ತಾರಲ್ಲ, ಆ ವಾಸನೆ!”

ಹರಿದಾಸ ಜೇಬಿನಲ್ಲಿದ್ದ ಲಕೋಟೆಯನ್ನು ಮುಟ್ಟಿಕೊಂಡ.

“ಎಲ್ಲಿ, ಬಾಯಿ ತೆಗಿ,” ಎಂದಳು ಅಮ್ಮ. ಮತ್ತೆ ಮೂಸಿದಳು. “ಬಾಯಲ್ಲಿ ಏಲಕ್ಕಿ. ಸ್ಪಿರಿಟ್ಟೆಲ್ಲಾ ಬುರುಡೆ ಮೇಲೆ. ಏನಪ್ಪಾ, ನೀನು ತಲೇಲಿ ಕುಡೀತೀಯಾ?”

ರಘುರಾಮನ ಕಿವಿಗಳು ಕೆಂಪಾದವು. “ಕೂದಲ ಟಾನಿಕ್ ಅಜ್ಜಿ. ಸ್ಪಿರಿಟ್ ಹಾಕಿ ಮಾಡಿರ್ತಾರೆ. ಮೂರು ತಿಂಗಳಿಂದ ದಿನಾ ಹಚ್ಕೋತಾ ಇದೀನಿ.”

“ಬಂತಾ?”

“ಇದ್ದದ್ದರಲ್ಲೂ ಸ್ವಲ್ಪ ಹೋಯ್ತು.”

ಹರಿದಾಸ ಲೆಕ್ಕವನ್ನು ತಲೆಕೆಳಗಾಗಿ ಮಾಡಿದ್ದ. ವಾಸನೆಯಿಂದ ಬೋಳು ಬಂದಿರಲಿಲ್ಲ. ಬೋಳಿನಿಂದ ವಾಸನೆ ಬಂದಿತ್ತು.

ಕೌಸಲ್ಯೆ ಕಾಫಿ ತಂದಳು. ಲೋಟವನ್ನು ರಘುರಾಮನ ಮುಂದಿಟ್ಟು, “ಆ ಬಾಟ್ಲಿ ಬಿಟ್ಟುಬಿಡಿ. ತಲೆ ಹೇಗಿದೆಯೋ ಹಾಗೇ ಇರಲಿ. ನಾನು ಒಪ್ಪಿದ್ದು ಅದನ್ನ ನೋಡೇ ಅಲ್ವಾ?” ಎಂದಳು.

“ಇವತ್ತೇ ಬಿಟ್ಟೆ,” ಎಂದನು ಅವನು.

ಹರಿದಾಸ ಎದ್ದು ಮೂಲೆಗೆ ಹೋಗಿ, ಅಂಚೆಚೀಟಿಯನ್ನು ಜೋಪಾನವಾಗಿ ಬಿಡಿಸಿಕೊಂಡು, ಲಕೋಟೆಯನ್ನು ಹರಿದನು. ಅನಂತರ ರಘುರಾಮನನ್ನು ಬೀಳ್ಕೊಡಲು ಬಾಗಿಲವರೆಗೆ ಹೋಗಿ, ತನ್ನ ನೆತ್ತಿಯನ್ನೊಮ್ಮೆ ಸವರಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದನು:

“ಅಳಿಯಂದ್ರೇ, ಬಾಟ್ಲಿ ಬಿಸಾಡಬೇಡಿ. ಇನ್ನೂ ಎಷ್ಟು ಮಿಕ್ಕಿದೆ?”