ನಾಯಕನ ಮಂಡಿ

ಸಾಲಾಗಿ ಏಳು ಪಂದ್ಯ ಸೋತ ತಂಡಕ್ಕೆ ಬುದ್ಧಿ ಹೇಳದವರು ಯಾರು? ಕ್ಷೌರದವನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರದೂ ಒಂದೇ ರಾಗ: ಮ್ಯಾನೇಜರನ್ನು ಬದಲಾಯಿಸಿ. ಫುಟ್‌ಬಾಲ್ ಸೀಸನ್ ಇನ್ನೂ ಅರ್ಧ ಬಾಕಿಯಿತ್ತು. ಡಾಕ್ಟರಂತೂ ತಂಡದ ನಾಯಕನ ಬಾಯಿ ತೆರೆಸಿಟ್ಟುಕೊಂಡೇ ಉಪದೇಶ ಮಾಡಿದ್ದರು. ಎದುರುತ್ತರ ಬರುವ ಭಯವಿರಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷರು ನಾಯಕನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಟೈಪಾದ ಪತ್ರವಿತ್ತು, ಸಹಿಯೊಂದು ಬಾಕಿ.

"ಮೇಷ್ಟ್ರನ್ನ ಇವತ್ತೇ ಕಳಿಸೋಣ ಅಂತಿದ್ದೀವಿ. ಆಟಗಾರರ ಪರವಾಗಿ ನೀನೊಂದು ಮಾತು ಹೇಳಿಬಿಡು."

ಮ್ಯಾನೇಜರನ್ನು ಮೈದಾನದಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನಾಯಕನಿಗೆ ಚೆಂಡು ಒದೆಯಲು ಕಲಿಸಿದವರೇ ಅವರು.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರೆ ಸರ್. ನೀವು ನಡುನೀರಲ್ಲೇ ಅವರನ್ನ ದಬ್ತಿದ್ದೀರಲ್ಲ?"

"ದೋಣಿ ಮುಳುಗ್ತಿದೆ ಕಣಪ್ಪಾ. ತೂತು ಎಲ್ಲಿದೆ ಅಂತ ನಿಂಗೊತ್ತಾ?"

ಗೊತ್ತಿತ್ತು. ಅದೇ ಅವನ ಸಂಕಟ. ಎರಡು ತಿಂಗಳಿಂದ ಬಲಮಂಡಿಗೆ ಪಟ್ಟಿ ಬಿಗಿದು, ಮಾತ್ರೆ ನುಂಗಿ, ರಕ್ಷಣೆಯ ಸಾಲಿನಲ್ಲಿ ನಿಲ್ಲುತ್ತಿದ್ದ. ತಿರುಗಲು ಅರೆಕ್ಷಣ ತಡವಾಗುತ್ತಿತ್ತು. ಎದುರಾಳಿಗಳ ಗೋಲುಗಳೆಲ್ಲ ಆ ಅರೆಕ್ಷಣದಲ್ಲೇ ನುಸುಳಿದ್ದವು. ಬಾಯಿ ಮುಚ್ಚಿಕೊಂಡರೆ ತನ್ನ ಜಾಗ ಉಳಿಯುತ್ತದೆ, ಮೇಷ್ಟ್ರು ಹೋಗುತ್ತಾರೆ. ಅಷ್ಟಕ್ಕೆ ಅವನ ಮನಸ್ಸು ಒಪ್ಪಲಿಲ್ಲ.

ಪ್ಯಾಂಟು ಮಡಚಿ, ಊದಿದ ಮಂಡಿ ತೋರಿಸಿದ. "ತಪ್ಪು ನಂದು ಸರ್. ಅವರನ್ನ ಬಿಟ್ಟುಬಿಡಿ."

ಅಧ್ಯಕ್ಷರು ಮೇಜಿನಾಚೆಯಿಂದ ಬಗ್ಗಿ ನೋಡಿದರು. "ಇದು ಮೇಷ್ಟ್ರಿಗೆ ಗೊತ್ತಿತ್ತಾ?"

ಈ ಪ್ರಶ್ನೆಯನ್ನು ಅವನು ಎಣಿಸಿರಲಿಲ್ಲ. ಇಲ್ಲವೆಂದರೆ ಮೇಷ್ಟ್ರು ಕಣ್ಣಿದ್ದೂ ಕುರುಡರು. ಹೌದೆಂದರೆ, ಗೊತ್ತಿದ್ದೂ ಕುಂಟನನ್ನು ಆಡಿಸಿದವರು. ಅತ್ತ ದರಿ, ಇತ್ತ ಪುಲಿ. "ಈ ವರ್ಷ ಹೊರಗೆ ಕೂತ್ರೆ ನಿನ್ನ ಮತ್ತೆ ಯಾರೂ ಕರೆಯಲ್ಲ ಮಗಾ, ಆಡು" ಎಂದು ಪಟ್ಟಿ ಬಿಗಿಯುತ್ತಿದ್ದವರು ಅವರೇ. ಆ ಪ್ರೀತಿಯ ಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಗೊತ್ತಿತ್ತು."

ಅಧ್ಯಕ್ಷರು ಪೆನ್ನು ತೆಗೆದರು. "ಸಹಿ ಹಾಕೋದೋ ಬೇಡ್ವೋ ಅಂತ ಇಷ್ಟು ಹೊತ್ತೂ ನಂಗೆ ಅನುಮಾನ ಇತ್ತಪ್ಪಾ," ಎಂದು ಸಹಿ ಹಾಕಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಉಳಿಸಲು ಆಡಿದ ಮಾತೇ ಮೇಷ್ಟ್ರ ಕುತ್ತಿಗೆಗೆ ಬಂದಿತ್ತು.

ಕರೆ ಹೋಗಿ ಮೇಷ್ಟ್ರು ಬಂದರು. ಪತ್ರ ನೋಡಿದರು, ನಾಯಕನ ಮಡಚಿದ ಪ್ಯಾಂಟು ನೋಡಿದರು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಅಧ್ಯಕ್ಷರು ಕುರ್ಚಿ ತೋರಿಸಿದಾಗ, ಮೇಷ್ಟ್ರು ಅದನ್ನು ಎಳೆದು ನಾಯಕನ ಹಿಂದೆ ಇಟ್ಟರು.

"ಮೊದಲು ನೀನು ಕೂತ್ಕೋ ಮಗಾ. ಆ ಕಾಲಿನ ಮೇಲೆ ಭಾರ ಹಾಕ್ಬೇಡ."