ಮೊದಲ ಸೂಜಿ

"ಅಮ್ಮನ ನರಾನೇ ಮಗಳಿಗೂ ಬಂದಿದೆ ನೋಡ್ರೋ. ಕಣ್ಣು ಮುಚ್ಕೊಂಡೂ ಚುಚ್ಚಬಹುದು."

ಮೇಷ್ಟ್ರು ನನ್ನ ಮೊಣಕೈ ಒಳಮಡಿಕೆಯನ್ನು ಬೆರಳಲ್ಲಿ ತಟ್ಟಿ ತೋರಿಸಿದರು. ಜೊತೆಗೆ ಕಲಿಯುವವರೆಲ್ಲ ನಕ್ಕರು. ನಾನೂ ಅವರ ಹಾಗೇ ಲ್ಯಾಬ್ ಸಹಾಯಕಿಯಾಗಲು ಈ ಆಸ್ಪತ್ರೆಯ ತರಬೇತಿಗೆ ಸೇರಿದವಳು, ಅವರ ಹಾಗೇ ಬಿಳಿ ಕೋಟು ತೊಟ್ಟವಳು. ಆದರೆ ರಕ್ತ ತೆಗೆಯುವ ಪಾಠ ಶುರುವಾದಾಗಿನಿಂದ ನನ್ನ ಜಾಗ ಕಿಟಕಿ ಬದಿಯ ಕುರ್ಚಿ, ಚುಚ್ಚಿಸಿಕೊಳ್ಳುವವರ ಕುರ್ಚಿ. ಒಬ್ಬರ ತೋಳಿನ ಮೇಲೆ ಇನ್ನೊಬ್ಬರು ಕಲಿಯಬೇಕು, ಸರದಿ ಎಲ್ಲರಿಗೂ ಬರುತ್ತದೆ ಎಂದಿದ್ದರು. ದೊಡ್ಡ ಡಾಕ್ಟರ ಸೋದರಳಿಯನ ಸರದಿ ಬಂದಾಗ ಅವನಿಗೆ ತಲೆಸುತ್ತು. ದಪ್ಪ ಹುಡುಗಿಗೆ ನರವೇ ಸಿಗುವುದಿಲ್ಲ. ಉಳಿದವರ ಮನೆಯವರು ಫೋನ್ ಮಾಡಿ ಜೋರು ಮಾಡುತ್ತಾರೆ. ನಮ್ಮ ಮನೆಯಿಂದ ಯಾರು ಮಾಡಬೇಕು? ಅಮ್ಮ ಇದೇ ಆಸ್ಪತ್ರೆಯ ನೆಲ ಒರೆಸುತ್ತಾಳೆ. ಯಾವಾಗ ಕೇಳಿದರೂ ಮೇಷ್ಟ್ರದು ಒಂದೇ ಮಾತು: ನಾಳೆ ಕೊಡ್ತೀನಿ ಸೂಜಿ, ಅವಸರ ಯಾಕೆ.

ಬೇರೆ ಯಾರೋ ಆಗಿದ್ದರೆ ಮನಸ್ಸಲ್ಲೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಇವರು ನಮ್ಮವರೇ, ಇಲ್ಲೇ ಹೆಣ ಸಾಗಿಸುತ್ತಿದ್ದವನ ಮಗ. ಕಲಿಯಲು ಬಂದಾಗ ಇವರ ಕೈ ನಡುಗುವುದು ನೋಡಿ ಯಾರೂ ತೋಳು ಚಾಚಲಿಲ್ಲವಂತೆ. ಅಮ್ಮ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಚುಚ್ಚಪ್ಪ, ನಾನೇನು ಸಾಯಲ್ಲ ಎಂದು ಕೂತಳಂತೆ. ಸೂಜಿ ನರ ತಪ್ಪಿ ತೋಳು ನೀಲಿಯಾದರೂ ಮತ್ತೆ ಕೂತಳು. ಅವತ್ತು ಇವರು ಅತ್ತುಬಿಟ್ಟು, ಅಕ್ಕಾ, ನಿನ್ನ ಮಗಳ ಕೈಗೆ ಮೊದಲನೇ ಸೂಜಿ ಕೊಡೋನು ನಾನೇ ಎಂದಿದ್ದರು. ಆ ಮಾತನ್ನು ಅಮ್ಮ ತುತ್ತಿನ ಜೊತೆ ಕಲಸಿ ನನ್ನನ್ನು ಬೆಳೆಸಿದ್ದಳು.

ಅದಕ್ಕೇ ಅವಳಿಗೆ ಹೇಳಿರಲಿಲ್ಲ. ಉದ್ದ ತೋಳಿನ ಅಂಗಿ ಹಾಕಿಕೊಳ್ಳುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ಬಟ್ಟೆ ಒಗೆಯುತ್ತಾ ಅಂಗಿಯ ಒಳಗೆ ರಕ್ತದ ಚುಕ್ಕೆ ಕಂಡಳು. ನನ್ನ ತೋಳೇರಿಸಿ, ತನ್ನ ತೋಳನ್ನು ಅದರ ಪಕ್ಕಕ್ಕಿಟ್ಟು ನೋಡಿದಳು.

"ಒಂದ್ಸಲಾನೂ ಸೂಜಿ ಮುಟ್ಟಿಸಿಲ್ವಾ?"

"ಇಲ್ಲಮ್ಮ. ನಾಳೇನೂ ಕುರ್ಚೀಲೇ ಕೂರಬೇಕಂತೆ. ನನ್ನ ಪರೀಕ್ಷೆ ಮುಂದಿನ ಬ್ಯಾಚಿಗಂತೆ."

"ಮುಂದಿನ ಬ್ಯಾಚಿಗೂ ತೋಳು ಬೇಕಲ್ಲ ಆ ಬೋಳಿಮಗನಿಗೆ."

ಅಂಗಿಯನ್ನು ಹಿಂಡಿದಳು. ನೀರು ನಿಂತ ಮೇಲೂ ಹಿಂಡುತ್ತಲೇ ಇದ್ದಳು.

ಮಾರನೇ ದಿನ ಪರೀಕ್ಷಕರು ಬಂದು ಕೂತರು. ಮೇಷ್ಟ್ರು ಕಣ್ಣಲ್ಲೇ ಕುರ್ಚಿ ತೋರಿಸಿದರು. ನಾನು ತೋಳಿನ ಗುಂಡಿ ಹಾಕಿಕೊಂಡು ಹೋಗಿ ಸೂಜಿಯ ಟ್ರೇ ಇದ್ದ ಕಡೆ ಕೂತೆ.

"ಏಯ್, ಎದ್ದೇಳೇ," ಎಂದು ಹಲ್ಲು ಕಚ್ಚಿದವರು, ಪರೀಕ್ಷಕರ ಕಡೆ ತಿರುಗಿ ನಕ್ಕರು. "ಅವಳಿಗೆ ಬರಲ್ಲ ಸರ್. ಒಂದ್ಸಲಾನೂ ಚುಚ್ಚಿಲ್ಲ."

ಹೇಳಿದ ಮೇಲೆ, ಕಲಿಸಿಲ್ಲವೆಂದು ತಾವೇ ಒಪ್ಪಿಕೊಂಡಂತಾಯಿತು ಎಂದು ಅವರಿಗೇ ಗೊತ್ತಾಯಿತು. ಪರೀಕ್ಷಕರು ಗಡಿಯಾರ ನೋಡಿಕೊಂಡು, ಅದೆಲ್ಲ ನಿಮ್ಮಲ್ಲೇ ಇರಲಿ, ಚುಚ್ಚಲಿ, ಯಾರದಾದರೂ ಒಂದು ತೋಳು ತನ್ನಿ ಎಂದರು. ಸೋದರಳಿಯ ಎರಡೂ ಕೈ ಕೋಟಿನ ಜೇಬಿಗೆ ಇಳಿಸಿದ. ಉಳಿದವರು ಕೈ ಕಟ್ಟಿಕೊಂಡರು.

ಬಾಗಿಲಲ್ಲಿ ಅಮ್ಮ ನೆಲ ಒರೆಸುತ್ತಿದ್ದಳು.

"ಅಕ್ಕಾ, ನೀನಾದ್ರೂ ಬಂದು ಕೂತ್ಕೋ," ಮೇಷ್ಟ್ರ ದನಿ ಎಷ್ಟೋ ಕಾಲದ ಮೇಲೆ ಮೆತ್ತಗಾಗಿತ್ತು.

ಅಮ್ಮ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಳು.

"ಮೊದಲನೇ ಸೂಜಿ ಕೊಡೋನು ನೀನೇ ಅಂದಿದ್ಯಲ್ಲಪ್ಪ. ಕೂತ್ಕೋ. ಅವಳ ಕೈ ನಡುಗುತ್ತೆ, ತೋಳು ನೀಲಿಯಾಗುತ್ತೆ. ಸಾಯಲ್ಲ."

ಮೇಷ್ಟ್ರು ಬಾಗಿಲು ನೋಡಿದರು, ಪರೀಕ್ಷಕರನ್ನು ನೋಡಿದರು. ಕುರ್ಚಿಯ ಅಂಚಿಗೆ ಕೂತು ತೋಳಿನ ಗುಂಡಿಗೆ ಕೈ ಹಾಕಿದರು. ಅವಸರಕ್ಕೆ ಗುಂಡಿ ಕಿತ್ತು ಬಂದು, ಒದ್ದೆ ನೆಲದ ಮೇಲೆ ಉರುಳುತ್ತಾ ಹೋಗಿ ಅಮ್ಮನ ಕಾಲ ಬಳಿ ನಿಂತಿತು.

ಅಮ್ಮ ಅದನ್ನು ನೋಡಿದಳು. ಬಗ್ಗಲಿಲ್ಲ.